ಕೆಂಪು ಗುಂಡಿ ಒತ್ತಿ ಕಾದದ್ದು

ಚೌಕಾಶಿಯಲ್ಲಿ ಎದ್ದು ಹೊರಡುವುದು ಮುಖ್ಯ. ಎದುರಿನವನು ಎಷ್ಟೇ ಒಳ್ಳೆಯ ದರ ಹೇಳಲಿ, ಒಮ್ಮೆ ಎದ್ದು ಚಪ್ಪಲಿ ಮೆಟ್ಟಬೇಕು. ಬಾಗಿಲು ದಾಟುವಷ್ಟರಲ್ಲಿ ಅವನೇ ಕರೆಯುತ್ತಾನೆ. ಮಡಕಶಿರದಲ್ಲಿ ಕಡಲೆಕಾಯಿ ಮಾರುತ್ತಿದ್ದಾಗಿನಿಂದ ನಾನು ಹೀಗೆ ಎದ್ದು ಎದ್ದೇ ಮೇಲೆ ಬಂದವನು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಹಾಕಿದ ಮೇಲೂ ಅದನ್ನೇ ಮಾಡಿದೆ. ಬಳ್ಳಾರಿಯ ಕಂಪನಿಯವರು ಬಟ್ಟೆ ಕತ್ತರಿಸಿ ಕಳಿಸುತ್ತಿದ್ದರು, ನಾವು ಹೊಲಿದು ಕೊಡುತ್ತಿದ್ದೆವು. ಪ್ರತಿ ಆರ್ಡರಿಗೂ ಅವರ ಮ್ಯಾನೇಜರು ಫೋನ್ ಮಾಡುವುದು, ನಾನು ಆಗುವುದಿಲ್ಲ ಎನ್ನುವುದು, ಸಂಜೆ ಅವರೇ ಮತ್ತೆ ಫೋನ್ ಮಾಡಿ ಸ್ವಲ್ಪ ಏರಿಸುವುದು. ಇದರಲ್ಲಿ ಇಬ್ಬರಿಗೂ ಬೇಸರವಿರಲಿಲ್ಲ.

ಆಮೇಲೆ ಕಂಪನಿ ಕ್ಲೌಡ್ ಸಾಫ್ಟ್‌ವೇರ್ ತಂದಿತು. ಆರ್ಡರು, ಹೊಲಿಗೆ, ವಾಷಿಂಗು, ಬಿಲ್ಲು, ಯಾವುದು ಮುಗಿದರೂ ಮುಂದಿನ ಕೆಲಸ ತಾನಾಗಿಯೇ ಮುಂದಿನವರ ಫೋನಿಗೆ ಹೋಗುತ್ತದೆ. ನಡುವೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಮ್ಯಾನೇಜರೇ ಬಂದು ನನ್ನ ಫೋನಿಗೂ ಹಾಕಿಕೊಟ್ಟರು.

"ಹಸಿರು ಒತ್ತಿದ್ರ ಒಪ್ಪಿಗಿ, ಕೆಂಪು ಒತ್ತಿದ್ರ ಬ್ಯಾಡ ಅಂತ. ಅಷ್ಟ ರೀ," ಎಂದರು.

ದೀಪಾವಳಿಯ ಮುಂಚಿನ ದೊಡ್ಡ ಆರ್ಡರು ಹಾಗೆ ಫೋನಿಗೆ ಬಂತು. ನನ್ನ ಟೈಲರುಗಳು ಕೆಲಸವಿಲ್ಲದೆ ಕೂತಿದ್ದರು. ಆ ವಾರವೂ ಸಿಗದಿದ್ದರೆ ಬಳ್ಳಾರಿಗೆ ಹೊರಡುವುದೆಂದು ಬ್ಯಾಗು ಕಟ್ಟಿದ್ದರು. ಹಾಗೆ ಹೋದ ಟೈಲರು ಹಬ್ಬ ಮುಗಿದರೂ ವಾಪಸು ಬರುವುದಿಲ್ಲ, ಟೈಲರಿಲ್ಲದ ಮಷಿನ್ನು ಬರೀ ಗುಜರಿ ಕಬ್ಬಿಣ. ಆರ್ಡರಿನ ದರ ಚೆನ್ನಾಗಿಯೇ ಇತ್ತು. ಅದಕ್ಕೇ ಕೆಂಪು ಒತ್ತಿದೆ.

ಟೈಲರುಗಳ ಮೇಸ್ತ್ರಿ ಡಿ. ಹಿರೇಹಾಳ್ ಕಡೆಯವನು. ನನ್ನ ಹೆಗಲ ಮೇಲಿಂದ ಇಣುಕಿದ. "ಏನ್ ಮಾಡಿದ್ರಿ ಸಾವ್ಕಾರ್ರ?"

"ಸುಮ್ನಿರಪ್ಪ, ಕರೀತಾರೆ."

ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕಾದೆ. ಚಹಾ ಬಂತು, ಮತ್ತೊಮ್ಮೆ ಬಂತು. ಸಂಜೆ ನಾನೇ ಮ್ಯಾನೇಜರಿಗೆ ಫೋನ್ ಮಾಡಿದೆ.

"ಏನ್ ಸಾರ್, ಕರೀಲೇ ಇಲ್ಲ?"

"ಯಾರು ಕರೀಬೇಕ್ರಿ? ನೀವು ಬ್ಯಾಡ ಅಂದ ಕೂಡ್ಲೆ ಅದು ಮುಂದಿನ ಯೂನಿಟ್‌ಗೆ ಹೋತು. ನನ್ನ ಟೇಬಲ್ಲಿಗೆ ಬರ್ಲೇ ಇಲ್ಲ."

"ನಾನು ಬೇಡ ಅಂದ್ರೆ ಬೇಡ ಅಂತಲ್ಲ, ನಿಮಗೆ ಗೊತ್ತಲ್ಲ."

"ನನಗ ಗೊತ್ತೈತ್ರಿ. ಅದಕ್ಕ ಗೊತ್ತಿಲ್ಲ."

ಫೋನಿನಲ್ಲಿ ಆರ್ಡರು ಹಿಡಿಯುವವರಿಗೆ ನನ್ನ ಸಲಹೆ ಇಷ್ಟೇ: ಮೊದಲು ಹಸಿರು ಒತ್ತಿ, ಜಗಳ ಆಮೇಲೆ ಆಡಿ.

ಆರ್ಡರು ಹೋಗಿ ಸೇರಿದ್ದು ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳಿಗೆ. ನನ್ನಲ್ಲೇ ಜೇಬು ಹೊಲಿಯುತ್ತಿದ್ದವಳು, ಈಗ ಸ್ವಂತ ಯೂನಿಟ್ ಹಾಕಿದ್ದಳು. ಬಂದ ಕೂಡಲೇ ಹಸಿರು ಒತ್ತಿದ್ದಳಂತೆ. ಆಕೆಯಲ್ಲಿದ್ದ ಮಷಿನ್ನುಗಳಿಗೆ ಅಷ್ಟು ಮಾಲು ಮುಗಿಯುವಂಥದ್ದಲ್ಲ. ಈ ಒಂದು ಲೆಕ್ಕವನ್ನು ನಂಬಿ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ.

"ಬರ್ರಿ ಅಣ್ಣಾರ, ಕುಂದರ್ರಿ," ಎಂದಳು.

"ಅಷ್ಟೂ ನಿನ್ನ ಕೈಲಿ ಆಗಲ್ಲ ಕಣಮ್ಮ. ಅರ್ಧ ನಂಗೆ ಕೊಡು."

"ಕೊಡ್ತೀನ್ರಿ." ದರ ಹೇಳಿದಳು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ.

"ಅದ್ಯಾಕೆ ಇಷ್ಟು ಕಮ್ಮಿ?"

"ನಡುವ ನಾನ್ ಅದೀನಲ್ರಿ. ನಿಮ್ಮ ಹತ್ರಾನ ಕಲ್ತದ್ದು."

ಅಭ್ಯಾಸಬಲದಿಂದ ಏಳಲು ಮುಂದಾದೆ. ಹಿಂದೆ ನಿಂತಿದ್ದ ಮೇಸ್ತ್ರಿ ಹೆಗಲ ಮೇಲೆ ಕೈಯಿಟ್ಟು ಒತ್ತಿದ.

"ಕುಂದರ್ರಿ ಸಾವ್ಕಾರ್ರ. ಬಳ್ಳಾರಿ ಬಸ್ ಇನ್ನೂ ಐತಿ, ನಮಗೇನು."

ಕೂತೆ. ಆ ದರಕ್ಕೇ ಒಪ್ಪಿದೆ.

ಮರುದಿನ ಟೈಲರುಗಳು ಬ್ಯಾಗು ಬಿಚ್ಚಿ ಮಷಿನ್ನಿಗೆ ಕೂತರು. ಹೊಲಿದು ಮುಗಿದ ಪ್ರತಿ ಕಟ್ಟೂ ಒಪ್ಪಿಗೆಗೆಂದು ಆಕೆಯ ಫೋನಿಗೆ ಹೋಗುತ್ತಿತ್ತು, ಆಕೆ ಆ ಕ್ಷಣವೇ ಹಸಿರು ಒತ್ತುತ್ತಿದ್ದಳು. ಒತ್ತಿದ ಮೇಲೆಯೇ ಆ ಕಟ್ಟಿನ ಕೂಲಿ ಬರುತ್ತಿತ್ತು. ಅಷ್ಟು ಬೇಗ ಒತ್ತಿದರೆ ನಿನಗೆ ಬೆಲೆ ಇರುವುದಿಲ್ಲ, ಜನರನ್ನು ಸ್ವಲ್ಪ ಕಾಯಿಸಬೇಕು ಎಂದು ಬುದ್ಧಿ ಹೇಳಿದೆ.

"ಕಾಯಿಸ್ತೀನಿ ಬಿಡ್ರಿ," ಎಂದಳು. "ನಿಮ್ಮ ಟೈಲರುಗಳು ಕಾಯ್ತಾರೇನು, ಕೇಳ್ಕೊಂಡ್ ಬರ್ರಿ."

ನಾನು ಕೇಳಲು ಹೋಗಲಿಲ್ಲ.