ಹಳದಿಗೆ ತಿರುಗಿದ ಪಾಚಿ

ನನಗೆ ಕೋಪ ಮೂಗಿನ ತುದಿಯಲ್ಲೇ. ಹಾಸನದ ನಮ್ಮ ಲ್ಯಾಬಿನಲ್ಲಿ ಆ ಬೆಳಗ್ಗೆ ಮೂರು ಫ್ಲಾಸ್ಕುಗಳೂ ಹಳದಿಯಾಗಿ ನಿಂತಿದ್ದನ್ನು ಕಂಡಾಗ ಮೈಯೆಲ್ಲ ಉರಿದುಹೋಯಿತು.

ಅವುಗಳಲ್ಲಿದ್ದುದು ಚನ್ನರಾಯಪಟ್ಟಣದ ಆಚೆ, ನಾಲೆಯ ಕೊನೆಯ ಚೌಳು ಗದ್ದೆಯಿಂದ ನಾನೇ ಕೆರೆದು ತಂದ ನೀಲಿ-ಹಸಿರು ಪಾಚಿ. ಉಪ್ಪಿಗೆ ಜಗ್ಗದ ಜೀವ. ಬಿಸಿ ತಾಗಿಸಿದರೆ ತನ್ನನ್ನು ಕಾಯ್ದುಕೊಳ್ಳಲು ಅದು ಹೆಚ್ಚು ಆಂಟಿಆಕ್ಸಿಡೆಂಟ್ ತಯಾರಿಸುತ್ತದೆಯೇ ಎಂಬುದೇ ನನ್ನ ಪಿಎಚ್.ಡಿ. ಪ್ರಶ್ನೆ. ಎರಡು ಸಲ ಮಾಡಿದ್ದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. "ಈ ಸಲವೂ ಹೀಗೇ ಆದ್ರೆ ವಿಷಯ ಬದಲಾಯಿಸಮ್ಮ" ಎಂದು ಗೈಡು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ಹಟ ಹಿಡಿದು ಶಾಖ ಇನ್ನಷ್ಟು ಏರಿಸಿದ್ದೆ. ಈಗ ನೋಡಿದರೆ ಎಲ್ಲ ಸತ್ತು ಕೂತಿವೆ!

"ದರಿದ್ರ ಪಾಚಿ" ಎಂದು ಬೈಯುತ್ತ ಒಂದನ್ನು ಸಿಂಕಿಗೆ ಸುರಿದೆ. ಎರಡನೆಯದನ್ನೂ ಸುರಿದೆ. ಮೂರನೆಯದನ್ನು ಎತ್ತುವಷ್ಟರಲ್ಲಿ ಲ್ಯಾಬಿನ ಅಟೆಂಡರ್ ಅಕ್ಕ ಓಡಿಬಂದು ನನ್ನ ಕೈ ಹಿಡಿದರು. ಅರಕಲಗೂಡು ಕಡೆಯವರು. ಈ ಕೆಲಸ ಸಿಗುವವರೆಗೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಮುಂದೆ ಕೂತು ಸೌದೆ ಒಟ್ಟಿದವರು.

"ತಡಿಯವ್ವಾ! ಯಾಕಂಗೆ ಚೆಲ್ತೀಯ?"

"ಸತ್ತೋಗಿದೆ ಅಕ್ಕ, ಬಣ್ಣ ನೋಡಿ."

"ಯಾರೇಳಿದ್ರು ನಿಂಗೆ? ಬ್ಯಾರನ್ನಾಗೆ ಕಾವು ಕೊಟ್ರೆ ಸೊಪ್ಪು ಅಳದಿ ಆಗಾಕಿಲ್ವಾ? ಕೆಟ್ಟಿದ್ರೆ ಕಪ್ಪಾಯ್ತದೆ, ನಾತ ಒಡೀತದೆ. ಮೂಸಿ ನೋಡು ಮೊದ್ಲು."

ಮೂಸಿದೆ. ಕೊಳೆತ ವಾಸನೆ ಎಳ್ಳಷ್ಟೂ ಇಲ್ಲ. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟರೆ, ಅಬ್ಬಾ, ಎಳೆಗಳು ನಿಧಾನವಾಗಿ ಜಾರಾಡುತ್ತಿವೆ!

ಪರೀಕ್ಷೆಗೆ ನಾವು ನೇರಳೆ ಬಣ್ಣದ ದ್ರಾವಣ ಬಳಸುತ್ತೇವೆ. ಆಂಟಿಆಕ್ಸಿಡೆಂಟ್ ಹೆಚ್ಚಿದ್ದಷ್ಟೂ ನೇರಳೆ ಮಾಸುತ್ತದೆ. ಹೋಲಿಕೆಗೆಂದು ಬೇರೆಯಾಗಿ ತಂಪಿನಲ್ಲಿ ಬೆಳೆಸಿದ್ದ ಪಾಚಿಯ ರಸ ಒಂದು ನಳಿಕೆಗೆ, ಬಿಸಿ ಉಂಡದ್ದು ಇನ್ನೊಂದಕ್ಕೆ, ಸಮಸಮನಾಗಿ ಹಾಕಿ ಅರ್ಧ ಗಂಟೆ ಕಪಾಟಿನ ಕತ್ತಲಲ್ಲಿಟ್ಟೆ. ಆ ಅರ್ಧ ಗಂಟೆ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಬಾಗಿಲು ತೆಗೆದೆ. ತಂಪಿನ ನಳಿಕೆ ಹೆಚ್ಚುಕಡಿಮೆ ಹಾಗೇ ಇತ್ತು. ಬಿಸಿಯದರಲ್ಲಿ ನೇರಳೆ ಹೇಳಹೆಸರಿಲ್ಲ! ಕಿರುಚಿ ಅಕ್ಕನನ್ನು ತಬ್ಬಿಕೊಂಡೆ. "ಬುಡವ್ವಾ, ಗಾಜು ಒಡೆದಾತು" ಎಂದು ಅವರು ನಗುತ್ತಲೇ ಗದರಿದರು.

ಗೈಡು ಬಂದು ಎರಡೂ ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಉಳಿದೆರಡು ಫ್ಲಾಸ್ಕು?"

"ಚೆಲ್ಲಿಬಿಟ್ಟೆ ಸಾರ್. ಅಕ್ಕ ತಡೆಯದಿದ್ದರೆ ಇದೂ ಹೋಗಿರುತ್ತಿತ್ತು."

ಅವರು ನಳಿಕೆಗಳನ್ನು ಸ್ಟ್ಯಾಂಡಿಗಿಟ್ಟು ಅಕ್ಕನತ್ತ ಒಮ್ಮೆ ನೋಡಿದರು.

"ಒಂದರಿಂದ ಏನೂ ಸಾಬೀತಾಗಲ್ಲ. ಇದೇ ವಿಷಯ ಮುಂದುವರಿಸು, ಇನ್ನೊಂದ್ಸಲ ಮಾಡು" ಎಂದರು. "ಈ ಸಲ ಚೆಲ್ಲೋ ಮುಂಚೆ ಇವರನ್ನ ಒಂದು ಮಾತು ಕೇಳು."