ಎಬ್ಬಿಸುವ ಅಕ್ಕಯ್ಯಮ್ಮ

ನಮ್ಮ ಅತ್ತೆ ಅಕ್ಕಯ್ಯಮ್ಮನವರ ಮನೆಯಲ್ಲಿ ಅಲಾರಂಗೆ ಮರ್ಯಾದೆಯೇ ಇಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮೊಬೈಲಿನಲ್ಲಿ ಅಲಾರಂ ಇಟ್ಟು ಮಲಗಿದರೆ, ಅದು ಬಾಯಿ ಬಿಡುವ ಮೊದಲೇ ಇವರು ಬಾಗಿಲಾಚೆ ನಿಂತು, "ಸುಮಲತಾ, ಏಳಮ್ಮ, ಒತ್ತು ಉಟ್ತು" ಎನ್ನುತ್ತಿದ್ದರು. ಇವರ ಬಾಯಲ್ಲಿ 'ಹ' ಹೊರಡುವುದಿಲ್ಲ, ಹೇಳುವುದಕ್ಕೂ ಏಳುವುದಕ್ಕೂ ಒಂದೇ ಮಾತು, 'ಏಳು'. ಹಾಗಾಗಿ ಇವರು ಏನು ಹೇಳಿದರೂ ಎಬ್ಬಿಸಿದ ಹಾಗೇ ಕೇಳಿಸುತ್ತದೆ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಎಷ್ಟು ಸಲ ಕಂಬಳಿಯೊಳಗೇ ಗೊಣಗಿದ್ದೇನೋ ಲೆಕ್ಕವಿಲ್ಲ.

ಮಾವ ಬಚ್ಚಪ್ಪನವರು ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನಲ್ಲಿ ದುಡಿಯುತ್ತಿದ್ದಾಗ ಇವರಿಬ್ಬರೂ ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲಿದ್ದರು. ಸೈರನ್ ಕೂಗಿದರೂ ಮಗ್ಗುಲು ಬದಲಿಸದ ಗಂಡಸರನ್ನು ಅತ್ತೆ ಎಬ್ಬಿಸಿ ಶಿಫ್ಟಿಗೆ ಕಳಿಸುತ್ತಿದ್ದರಂತೆ. ಎಡಗಡೆ ಮನೆಗೆ ತಮಿಳಿನಲ್ಲಿ "ಎಂದಿರಿಪ್ಪಾ", ಬಲಗಡೆ ಮನೆಗೆ ತೆಲುಗಿನಲ್ಲಿ "ಲೇ ನಾಯ್ನಾ". ಸ್ವಂತ ಗಂಡನಿಗೆ ಮಾತ್ರ ಕನ್ನಡ, ಅದೂ ಬೈಗುಳ ಸೇರಿಸಿ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಹತ್ತಿರದ ನಮ್ಮೂರಿಗೆ ಬಂದು ಹಸು ಕಟ್ಟಿದರು. ಈಗ ಬೆಳಗಿನ ರೈಲಿಗೆ ಹೋಗುವವರಿಗೆಲ್ಲ ಇವರ ಗಂಟಲೇ ಗತಿ.

ಬೆಳಗಿನದಾದರೂ ಸಹಿಸಬಹುದು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಯಾರಾದರೂ ಮಲಗಿದ್ದರೆ ಮುಗಿಯಿತು. ಲಕ್ಷ್ಮಿ ಬರುವ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೂ ಮಲಗಿರಕೂಡದು. ಒಮ್ಮೆ ಜ್ವರ ಬಂದು ಬಿದ್ದಿದ್ದ ನನ್ನನ್ನೂ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದರು. ದೀಪ ಹಚ್ಚಿ ಕೈಮುಗಿದ ಮೇಲೆ ತಾವೇ ಮಲಗಿಸಿ ಹೊದಿಸಿದರು.

ನನ್ನ ಕೆಲಸ ಬ್ಲೌಸಿನ ಕಂಪ್ಯೂಟರ್ ಎಂಬ್ರಾಯ್ಡರಿಗೆ ಡಿಸೈನ್ ಬಿಡಿಸುವುದು. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಇಟ್ಟಿರುವ ಕಲ್ಪನ ಅಕ್ಕ ಬೇರೆ ಊರಿನವರ ಡಿಸೈನ್ ತರಿಸುತ್ತಿದ್ದರು. ಅದನ್ನು ಅಲ್ಲಿ ಇಲ್ಲಿ ತಿದ್ದಿ ಕೊಡುವುದಷ್ಟೇ ನನ್ನ ಪಾಲು. ಹೋದ ವರ್ಷ ನಾನೇ ಒಂದು ಬಿಡಿಸಿದೆ. ನವಿಲಿಲ್ಲ, ಕಮಲವಿಲ್ಲ, ನಮ್ಮ ಹೊಲದ ಅವರೆ ಬಳ್ಳಿ, ಅದರ ತುಂಬ ಹೂವು. ಅದನ್ನು ನೋಡಲು ಮದುವೆ ಗೊತ್ತಾಗಿದ್ದ ನವ್ಯ ಎಂಬ ಹುಡುಗಿ ಒಂದು ಸಂಜೆ ಅಂಗಡಿಗೆ ಬರುವವಳಿದ್ದಳು. "ಅವಳು ಒಪ್ಪಿದ್ರೆ ಇನ್ಮೇಲೆ ಮದುವೆ ಬ್ಲೌಸೆಲ್ಲಾ ನಿಂದೇ. ಒಪ್ಪದಿದ್ರೆ ಬೇರೆ ಊರಿನವರಿಗೇ ಹೇಳ್ತೀನಿ" ಎಂದಿದ್ದರು ಕಲ್ಪನ ಅಕ್ಕ.

ಹುಡುಗಿಯ ಎದುರಿಗೇ ಬಣ್ಣ, ಅಳತೆ ತಿದ್ದಿ ತೋರಿಸಬೇಕು. ತಿದ್ದುವ ಸಾಫ್ಟ್‌ವೇರ್ ಇರುವುದು ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಅದಕ್ಕೇ ನಾನು ಉಪಾಯ ಕಲಿತಿದ್ದೆ. ಕಂಪ್ಯೂಟರನ್ನು ಆರಿಸದೆ ಸ್ಲೀಪಿಗೆ ಹಾಕಿ ಮಲಗಿಸಿ ಹೋಗುವುದು, ಅಂಗಡಿಯಿಂದ ಮೊಬೈಲ್ ಒತ್ತಿ ಎಬ್ಬಿಸುವುದು, ಆಮೇಲೆ ಅಲ್ಲಿನ ಪರದೆಯಲ್ಲೇ ಇಲ್ಲಿನದನ್ನು ನಡೆಸುವುದು. ಕೊಟ್ಟಿಗೆಯಲ್ಲಿ ನಿಂತು ಬೇಕಾದಷ್ಟು ಸಲ ಎಬ್ಬಿಸಿ ನೋಡಿದ್ದೆ.

ಹೊರಡುವಾಗ ಕಟ್ಟಪ್ಪಣೆ ಮಾಡಿದೆ. "ಅತ್ತೆ, ಕಂಪ್ಯೂಟರ್ ಮಲಗೈತೆ. ಯಾರೂ ಮುಟ್ಟಬಾರ್ದು. ನಾನೇ ಪೇಟೆಯಿಂದ ಎಬ್ಬಿಸ್ತೀನಿ."

"ಅಲ್ಲಿಂದ ಕೂಗಿದ್ರೆ ಇದಕ್ಕೆ ಕೇಳ್ತದಾ?" ಎಂದರು ಅತ್ತೆ. "ನನ್ ಗಂಟ್ಲೇ ಊರಾಚೆ ಓಗಲ್ಲ."

ಅಂಗಡಿಯಲ್ಲಿ ನವ್ಯ ಮತ್ತು ಅವಳ ತಾಯಿ ಬಂದು ಕೂತರು. ನಾನು ಮೊಬೈಲ್ ಒತ್ತಿದೆ. ಏಳಲಿಲ್ಲ. ಮತ್ತೆ ಒತ್ತಿದೆ. ಏಳಲಿಲ್ಲ. ಊರಿನಲ್ಲಿ ಕರೆಂಟು ಹೋಗಿ ಬಂದಿರಬೇಕೆಂದು ಆಗ ಹೊಳೆಯಿತು. ಕರೆಂಟು ಹೋದರೆ ನಮ್ಮ ಹಳೇ ಕಂಪ್ಯೂಟರ್ ಮಲಗಿರುವುದಿಲ್ಲ, ಪೂರ್ತಿ ಆರಿಹೋಗಿರುತ್ತದೆ. ಆಮೇಲೆ ಮೊಬೈಲಿನ ಕರೆ ಅದಕ್ಕೆ ತಟ್ಟುವುದಿಲ್ಲ, ಯಾರಾದರೂ ಕೈಯಾರೆ ಗುಂಡಿ ಒತ್ತಬೇಕು. ಅತ್ತೆಗೆ ಫೋನ್ ಮಾಡಿದರೆ ಎತ್ತಲಿಲ್ಲ. ಡೈರಿಗೆ ಹಾಲು ಹಾಕಲು ಹೋಗುವಾಗ ಅವರು ಮೊಬೈಲನ್ನು ಗೂಡಿನಲ್ಲೇ ಬಿಟ್ಟು ಹೋಗುತ್ತಾರೆ. ಮಾವ ಹೊಲದಲ್ಲಿ, ಗಂಡ ಸುಧಾಕರ್ ಫ್ಯಾಕ್ಟರಿಯ ಶಿಫ್ಟಿನಲ್ಲಿದ್ದರು. ನವ್ಯಳ ತಾಯಿ ಸೆರಗು ಸರಿಮಾಡಿಕೊಂಡು ಏಳುವುದಕ್ಕೆ ಹೊರಟರು. ಕಲ್ಪನ ಅಕ್ಕ ನನ್ನ ಮುಖ ನೋಡಲಿಲ್ಲ.

"ಒಂದು ಕಾಫಿ ಕುಡೀರಿ" ಎಂದು ಅವರನ್ನು ಬೇಡಿ ಕೂರಿಸಿದೆ. ಕಾಫಿ ಲೋಟ ಬರಿದಾಗುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಪರದೆಯ ಮೇಲೆ ನಮ್ಮ ಮನೆಯ ಕಂಪ್ಯೂಟರ್ ಕಣ್ಣು ಬಿಟ್ಟಿತು. ಯಾಕೆ, ಹೇಗೆ ಎಂದು ಕೇಳಲು ಪುರುಸೊತ್ತಿಲ್ಲ. ಅವರೆ ಬಳ್ಳಿ ತೆರೆದೆ. ನವ್ಯ ಕೇಳಿದಂತೆ ತೋಳಿನ ತುದಿಗೆ ಬಳ್ಳಿಯನ್ನು ಹೊಸದಾಗಿ ಎಳೆದು, ಒಂದೊಂದೇ ಹೂವು ಕೂರಿಸಿ, ಬಣ್ಣ ತುಂಬಿದೆ. "ಇದು ಯಾರ ಬ್ಲೌಸಲ್ಲೂ ಇಲ್ಲಮ್ಮ, ಇದೇ ಇರ್ಲಿ" ಎಂದಳು ಹುಡುಗಿ. ಕಲ್ಪನ ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಆ ಗುದ್ದಿಗೆ ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಾ ಬಂದೆ.

ಮನೆ ಬಾಗಿಲಲ್ಲಿ ರಾಶಿ ಚಪ್ಪಲಿ. ಯಾರಿಗೇನಾಯಿತೋ ಎಂದು ಓಡಿದೆ. ಒಳಗೆ ನೋಡಿದರೆ ಬೀದಿಯ ಹೆಂಗಸರೆಲ್ಲ ಕಂಪ್ಯೂಟರಿನ ಮುಂದೆ ಚಾಪೆ ಹಾಸಿ ಕೂತಿದ್ದಾರೆ. ಪರದೆಯ ಮೇಲೆ ನನ್ನ ಅವರೆ ಬಳ್ಳಿ. ಅತ್ತೆ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದರು.

"ಪರದೆ ಮೇಲಿನ ಬಾಣ ತಾನಾಗೇ ಓಡಾಡ್ತು. ಮೊದ್ಲು ನಂಗೂ ಭಯ ಆಯ್ತು. ಆಮೇಲೆ ನೋಡಿದ್ರೆ, ಕೆಳಗಿಂದ ಬಳ್ಳಿ ಎಳ್ಕಂಡು ಓಗಿ, ಒಂದೊಂದೇ ಊವು ಇಡ್ತಾ ಬಂತು. ರಂಗೋಲಿ ಆಕುವಾಗ ಇವ್ಳು ಇಂಗೇ ಅಲ್ವಾ? ನನ್ ಸೊಸೆ ಕೈ ಅಂತ ಗೊತ್ತಾಗೋಯ್ತು. ಪೇಟೇಲಿ ಕೂತ್ಕಂಡು ಇಲ್ಲಿ ಬರೀತಾವ್ಳೆ!"

ನಾನು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ, "ಅತ್ತೆ, ಯಾರು ಎಬ್ಬಿಸಿದ್ದು?"

ಅತ್ತೆ ದನಿ ಇಳಿಸಿದರು. "ದೀಪ ಅಚ್ಚೋ ಒತ್ನಲ್ಲಿ ಮಲಗಿತ್ತು ಕಣಮ್ಮ. ಎಂಗೆ ಸುಮ್ನಿರ್ಲಿ? ದಿನಾ ನೀನು ಒತ್ತೋ ಗುಂಡೀನೇ ಒತ್ತಿಬಿಟ್ಟೆ. ಯಾರಿಗೂ ಏಳ್ಬೇಡ. ನೀನೇ ಎಬ್ಬಿಸ್ದೆ ಅಂತ ಎಲ್ರಿಗೂ ಏಳಿದೀನಿ."

ಸುಮ್ಮನಿರುವ ಜಾತಿ ನಾನಲ್ಲ. ನಡುಮನೆಗೆ ಬಂದು ಜೋರಾಗಿಯೇ ಹೇಳಿದೆ. "ನಾನು ಕರೆದೂ ಕರೆದೂ ಸೋತಿದ್ದೆ, ಕೇಳ್ರಮ್ಮ. ಇದನ್ನ ಎಬ್ಬಿಸಿದ್ದು ನಮ್ಮತ್ತೆ!"

"ಸುಮ್ನಿರಮ್ಮ ನೀನು" ಎಂದು ಗದರಿಸುತ್ತಲೇ ಅತ್ತೆ ಹೊರಗೆ ಬಂದರು. ಚಾಪೆಯ ನಡುವೆ ಜಾಗ ಮಾಡಿಸಿಕೊಂಡು ಕೂತರು.