ಭಟ್ಟರು ಕುಡಿಯದ ನೀರು

ಆಗ ನನಗೆ ಮೂವತ್ತೊಂದು. ಐವತ್ತು ವರ್ಷದ ಮೇಲಾಯಿತು. ಬೊಂಬಾಯಿಯ ಚೆಂಬೂರಿನ ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಭಟ್ಟರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲಿರಲಿಲ್ಲ. ಕಾವಲಿಯ ಬಿಸಿಗೆ ಎಲ್ಲ ಸುಟ್ಟಿತ್ತು. ಗಂಡ ಸತ್ತ ಮೇಲೆ ಚಾಳಿನ ಮೂಲೆಯಲ್ಲಿ ಬಿದ್ದಿದ್ದ ನನಗೆ ಹಿಟ್ಟು ರುಬ್ಬುವ ಕೆಲಸ ಕೊಡಿಸಿದ್ದು ಅವರೇ. "ಅತ್ತದ್ದು ಸಾಕು ಮಾರಾಯ್ತಿ, ಅಲ್ಲಿ ಉದ್ದು ನೆನೆದು ಕೂತಿದೆ" ಅಂದಿದ್ದರು.

ನಾನು ರುಬ್ಬಿದ ಹಿಟ್ಟಿನ ದೋಸೆ ಅವರು ತಿನ್ನುತ್ತಿದ್ದರು. ನೀರು ಮಾತ್ರ ನಮ್ಮ ಯಾರ ಕೈಯದ್ದೂ ಆಗುತ್ತಿರಲಿಲ್ಲ. ತಾವೇ ತುಂಬಿದ ತಾಮ್ರದ ಚೊಂಬು, ಅಷ್ಟೇ.

"ಅಲ್ಲ ಭಟ್ರೇ, ಹಿಟ್ಟಿನಲ್ಲಿರುವುದು ನನ್ನ ನೀರಲ್ಲವಾ?"

"ಅದು ಬೆಂಕಿ ಕಂಡದ್ದು. ನೀನು ಸುಮ್ಮನೆ ರುಬ್ಬು."

ರಜೆ ಸಿಕ್ಕಿದರೆ ಅವರಿಗೆ ಘಟ್ಟ ಹತ್ತುವ ಹುಚ್ಚು. ಮೇಲಿಂದ ಏನು ಕಾಣುತ್ತದೆ ಅಂತ ಕೇಳಿದರೆ, "ಬೊಂಬಾಯಿ ಕಾಣುವುದಿಲ್ಲ, ಮತ್ತೇನು ಬೇಕು?" ಅನ್ನುತ್ತಿದ್ದರು.

ಒಂದು ಬೇಸಿಗೆ ಒಲೆ ರಿಪೇರಿ ಅಂತ ಒಂದು ದಿನ ಹೋಟೆಲಿಗೆ ಬೀಗ ಬಿತ್ತು. ನಾವು ಐದು ಜನ ಕೆಲಸದವರು ಅವರ ಹಿಂದೆ ಹೊರಟೆವು. ಲೋಕಲ್ ಇಳಿದು ಬಸ್ಸು, ಬಸ್ಸು ಇಳಿದು ಕಲ್ಲು ಹೊರುವ ಲಾರಿ. ರಸ್ತೆ ಅಂದರೆ ಬರೀ ಗುಂಡಿ. ಲಾರಿ ಎತ್ತಿ ಹಾಕಿದ್ದಕ್ಕೆ ಭಟ್ಟರ ಚೊಂಬು ಮಗುಚಿತು. "ಮೇಲೆ ಬಂಡೆಯಲ್ಲಿ ನೀರಿನ ಹೊಂಡ ಇದೆ" ಅಂದರು.

ಘಟ್ಟದ ಬೆನ್ನಿನ ಮೇಲೆ ಒಂದಾಳು ನಡೆಯುವಷ್ಟೇ ದಾರಿ. ಎರಡೂ ಕಡೆ ಪ್ರಪಾತ. ನಾನು ಹೆದರಿ ನಿಂತೆ.

"ದೋಸೆ ಎಳೆಯುವಾಗ ನಡುವೆ ಕೈ ನಿಲ್ಲಿಸುತ್ತಾರಾ? ನಡಿ, ನಡಿ!"

ಗಂಡ ಸತ್ತ ಮೇಲೆ ಅಂದೇ ನಾನು ನಕ್ಕದ್ದು.

ಹೊಂಡ ಒಣಗಿತ್ತು. ನನ್ನ ನೀರಿನ ಬಾಟ್ಲಿ ಚಾಚಿದೆ.

"ಬೇಡ. ಕೆಳಗೆ ಬಾವಿ ಇದೆ."

ಮತ್ತೆ ಚಾಚಿದೆ.

"ಒಮ್ಮೆ ಹೇಳಿದರೆ ಗೊತ್ತಾಗುವುದಿಲ್ಲವಾ?"

ಮೂರನೇ ಸಲ ಕೇಳಲಿಲ್ಲ. ಸಿಟ್ಟು ಬಂದಿತ್ತು. ಸಾಯಲಿ ಅಂತ ಮನಸ್ಸಿನಲ್ಲಿ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಇಳಿಯುವಾಗ ಆ ಉರಿಬಿಸಿಲಲ್ಲೂ ಅವರ ಬೆವರು ನಿಂತಿತು. ಏನೇನೋ ಬಡಬಡಿಸಿದರು, ಬಿದ್ದರು. ತಲೆ ತೊಡೆಯ ಮೇಲಿಟ್ಟುಕೊಂಡು ಬಾಟ್ಲಿ ಬಾಯಿಗೆ ಹಿಡಿದೆ. ಬೇಡ ಅನ್ನಲು ಎಚ್ಚರ ಇರಲಿಲ್ಲ. ನೀರು ಕಟವಾಯಿಯಿಂದ ಹೊರಗೆ ಇಳಿಯಿತು. ಗಂಡಸರು ಹೊತ್ತುಕೊಂಡು ಓಡಿದರು. ಬಾವಿ ಮುಟ್ಟುವ ಮೊದಲೇ ಹೋಗಿದ್ದರು.

ಅವರ ನೇಮ ಮುರಿದೆ ಅಂತ ನನಗೆ ಬೇಜಾರಿಲ್ಲ. ಘಟ್ಟದ ಮೇಲೆಯೇ, ನಾಲ್ಕು ಜನರಿಂದ ಹಿಡಿಸಿಯಾದರೂ ಕುಡಿಸಲಿಲ್ಲವಲ್ಲ, ಬೇಜಾರು ಅದಕ್ಕೆ.

ಮರುದಿನ ಬೆಳಿಗ್ಗೆ ಗಂಡಸರು ಸ್ಮಶಾನಕ್ಕೆ ಹೋದರು. ನಾನು ಹೋಟೆಲಿಗೆ ಹೋದೆ. ರಾತ್ರಿ ಯಾರೋ ಹಾಕಿದ್ದ ಉದ್ದು ನೆನೆದು ಕೂತಿತ್ತು. ಕಲ್ಲಿನ ಮುಂದೆ ಕೂತು, ಕೈಯಿಂದ ನೀರು ಬಿಡುತ್ತಾ ರುಬ್ಬಿದೆ.